ನಾನು ಬಂದ್ ಮಾಡಿದ ನಳ

ಕಳೆದ ತಿಂಗಳು ನಾನು ಒಂದು ನಳ ಬಂದ್ ಮಾಡಿದೆ. ಅಷ್ಟೇ.

ಕದಿಯಲಿಲ್ಲ, ಯಾರಿಗೂ ಬೈಯಲಿಲ್ಲ. ಸುಮ್ಮನೆ ಹರಿಯುತ್ತಿದ್ದ ಒಂದು ನಳವನ್ನು ತಿರುವಿ ಬಂದ್ ಮಾಡಿದೆ. ನಮ್ಮ ಬೈಲಹೊಂಗಲದಲ್ಲಿ ಹೀಗೆ ಮಾಡಿದರೆ ನಾಲ್ಕು ಜನ ಮೆಚ್ಚುತ್ತಾರೆ. ಆದರೆ ಆ ನಳ ಇದ್ದದ್ದು ಹಿಮಾಚಲದ ಒಂದು ಸಣ್ಣ ಊರಿನಲ್ಲಿ. ಅಲ್ಲಿಂದ ಬಂದ ಮೇಲೆ ಒಂದೆರಡು ವಾರ ಇದೇ ಅಂಕಣದಲ್ಲಿ ಮಾವಿನಕಾಯಿ, ಮದುವೆ ಸೀಸನ್ ಅಂತ ಏನೇನೋ ಬರೆದು ತಪ್ಪಿಸಿಕೊಂಡೆ. ಇವತ್ತು ಆಗಲಿಲ್ಲ.

ನಿಮಗೆ ಗೊತ್ತೇ ಇದೆ, ನೀರಿನ ವಿಷಯದಲ್ಲಿ ನಾನು ಸ್ವಲ್ಪ ಅತಿ. ಹುಟ್ಟಿ ಬೆಳೆದದ್ದು ಸಂಪಗಾಂವದಲ್ಲಿ, ಸೊಂಟದ ಮೇಲೆ ಕೊಡ ಹೊತ್ತು. ಈಗಲೂ ನಮ್ಮ ಓಣಿಯಲ್ಲಿ ಬೇಸಿಗೆ ಬಂತೆಂದರೆ ನಳಕ್ಕೆ ನೀರು ಯಾವಾಗ ಬರುತ್ತದೋ ವಾಲ್ವ್ ತಿರುವುವವನಿಗೇ ಗೊತ್ತು. ನೀರು ಬಂದ ದಿನ ಊಟ ತಿಂಡಿ ಬಿಟ್ಟು ಬ್ಯಾರೆಲ್ಲು, ಬಕೆಟ್ಟು, ಕುಕ್ಕರಿನವರೆಗೆ ತುಂಬಿಸುವವರು ನಾವು. ಎಲ್ಲಾದರೂ ನಳ ಸೋರುತ್ತಿದ್ದರೆ ನನಗೆ ಅಲ್ಲಿ ನಿಲ್ಲಲಿಕ್ಕೇ ಆಗುವುದಿಲ್ಲ. ಬಸ್ ಸ್ಟ್ಯಾಂಡಿನ ನಳ ಬಂದ್ ಮಾಡಲು ಹೋಗಿ ಬಸ್ ತಪ್ಪಿಸಿಕೊಂಡವಳು ನಾನು. (ಅದನ್ನೂ ಇಲ್ಲಿ ಹೆಮ್ಮೆಯಿಂದ ಬರೆದಿದ್ದೆ. ಕಿತ್ತೂರಿನ ಓದುಗರೊಬ್ಬರು ಫೋನ್ ಮಾಡಿ, ಅಕ್ಕೋರ, ನಿಮ್ಮಂಥವರು ಓಣಿಗೊಬ್ಬರು ಇರಬೇಕ್ರಿ ಅಂದಿದ್ದರು.) ಸಾಲಿಯಲ್ಲಿ ಪಾಠ ಹೇಳುವ ಕೆಲಸದಿಂದ ನಿವೃತ್ತಿಯಾದ ಮೇಲಂತೂ ಇದೇ ನನ್ನ ಫುಲ್ ಟೈಮ್ ಉದ್ಯೋಗ.

ಇಂಥವಳು ಜನವರಿಯಲ್ಲಿ ಹಿಮಾಚಲಕ್ಕೆ ಹೋದೆ.

ಅಲ್ಲಿ ನನ್ನ ತಂಗಿಯ ಮಗಳು ರೋಹಿಣಿ ಇದ್ದಾಳೆ. ಅವಳ ಗಂಡ ಮಹಾಂತೇಶ ಮುನವಳ್ಳಿಯವನು, ರಸ್ತೆ ಕಟ್ಟುವ ಕಂಪನಿಯಲ್ಲಿ ಇಂಜಿನಿಯರ್. ಅವನು ದೂರದ ಸೈಟಿಗೆ ಹೋಗಬೇಕಾಗಿ ಬಂತು. ಮನೆಯಲ್ಲಿ ಇನ್ನೂ ಅಂಬೆಗಾಲಿಡುವ ಕೂಸು. ದೊಡ್ಡವ್ವಾ, ಒಂದಷ್ಟು ದಿನ ಬಂದಿರು ಅಂತ ರೋಹಿಣಿ ಕರೆದಳು. ಸ್ವೆಟರ್, ಮಂಕಿಕ್ಯಾಪ್, ಶೇಂಗಾ ಹಿಂಡಿ, ಕಟಕ ರೊಟ್ಟಿ ಕಟ್ಟಿಕೊಂಡು ಹೊರಟೆ.

ಚಳಿ ಅಂದರೆ ಏನಂತ ನನಗೆ ಗೊತ್ತಿದೆ ಅಂದುಕೊಂಡಿದ್ದೆ. ಸವದತ್ತಿ ಗುಡ್ಡದ ಮೇಲೆ ಬನದ ಹುಣ್ಣಿಮೆಯ ಹೊತ್ತಿಗೆ ಬೀಸುವ ಗಾಳಿಗೆ ಹಲ್ಲು ಕಟಕಟಿಸಿದವಳಲ್ಲವೇ ನಾನು? ಅಲ್ಲಿ ಹೋಗಿ ಇಳಿದಾಗ ಅದು ಚಳಿಯೇ ಅಲ್ಲ ಅಂತ ತಿಳಿಯಿತು. ಕೊಬ್ಬರಿ ಎಣ್ಣೆ ಬಿಡಿ, ಶೇಂಗಾ ಎಣ್ಣೆಯೂ ಡಬ್ಬಿಯಲ್ಲಿ ಗಟ್ಟಿಯಾಗಿ ಕೂತಿತ್ತು.

ಮನೆ ಬೆಟ್ಟದ ಓರೆಗೆ ಆತುಕೊಂಡಂತಿತ್ತು. ಕೆಳಗೆ ಮನೆಯ ಮಾಲಕಿ ನಿರ್ಮಲಾ, ಅವಳ ಗಂಡ, ಒಂದು ಆಕಳು. ಮೇಲೆ ರೋಹಿಣಿಯ ಎರಡು ಕೋಣೆ, ಅದರ ಪಕ್ಕ ಒಂದೇ ಕೋಣೆಯಲ್ಲಿ ಸುಮನ್ ಅಂತ ಒಬ್ಬಳು ಹೆಂಗಸು. ನೇಪಾಳದ ಕಡೆಯವಳು, ಪೇಟೆಯ ಹೋಟೆಲಿನಲ್ಲಿ ಪಾತ್ರೆ ತಿಕ್ಕುವ ಕೆಲಸ. ಬಾಲ್ಕನಿಯ ತುದಿಯ ಬಾತ್‌ರೂಮು ಮೇಲಿನವರಿಗೆಲ್ಲ ಒಂದೇ. ನೀರಿನ ಟಾಕಿಯಿಂದ ಬರುವ ಪೈಪು ಹೊರಗೋಡೆಯುದ್ದಕ್ಕೂ ಹಾಯ್ದು ಅಲ್ಲಿಗೆ ಬಂದು ಮುಗಿಯುತ್ತಿತ್ತು.

ಹೋದ ದಿನವೇ ರೋಹಿಣಿ ಅಲ್ಲಿಯ ಮುಖ್ಯ ನಿಯಮ ಹೇಳಿಕೊಟ್ಟಳು.

"ದೊಡ್ಡವ್ವಾ, ಬಾತ್‌ರೂಮಿನ ನಳಾ ರಾತ್ರಿ ಪೂರ್ತಿ ಬಂದ್ ಮಾಡಬ್ಯಾಡ. ದಾರದಷ್ಟು ಸಣ್ಣಗ ಬಿಟ್ಟಿರಬೇಕು. ನೀರು ನಿಂತ್ರ ಪೈಪಿನ್ಯಾಗ ಗಡ್ಡಿ ಕಟ್ಟಿ ಬರ್ಫ ಆಗತೈತಿ."

ನಾನು ಹೂಂ ಅಂದೆ. ಆದರೆ ರಾತ್ರಿ ಹಾಸಿಗೆಯಲ್ಲಿ ಮಲಗಿದರೆ ಕಿವಿಗೆ ಅದೊಂದೇ ಸದ್ದು. ಸಣ್ಣಗೆ, ಬಿಡದೆ, ಬಕೆಟ್ ತುಂಬಿ, ಬಕೆಟ್ಟಿನ ಮೇಲಿಂದ ಹರಿದು ಮೋರಿಗೆ ಹೋಗುವ ನೀರು. ಒಳ್ಳೇ ನೀರು. ಕುಡಿಯುವ ನೀರು. ಎದ್ದು ಹೋಗಿ ದಾರವನ್ನು ಇನ್ನಷ್ಟು ತೆಳ್ಳಗೆ ಮಾಡಿ ಬಂದೆ. ಬೆಳಿಗ್ಗೆ ಏನೂ ಆಗಿರಲಿಲ್ಲ. ಮರುದಿನ ಹನಿ ಹನಿ ಬೀಳುವಷ್ಟು ಮಾಡಿದೆ. ಆಗಲೂ ಏನೂ ಆಗಲಿಲ್ಲ. ಈಗಿನ ಹುಡುಗರು ಯಾರೋ ಹೇಳಿದ್ದನ್ನು ಹಾಗೇ ನಂಬುತ್ತಾರೆ ಅಂತ ಮನಸ್ಸಿನಲ್ಲೇ ನಕ್ಕೆ. ಊರಿಗೆ ಹೋದ ಮೇಲೆ ಇದರ ಮೇಲೆ ಒಂದು ಅಂಕಣ ಬರೆಯಬೇಕು ಅಂತ ತಲೆಯಲ್ಲೇ ಮೊದಲ ಸಾಲನ್ನೂ ಕಟ್ಟಿಕೊಂಡೆ.

ಆಮೇಲೊಂದು ಸಂಜೆ ಆಕಾಶ ಪೂರ್ತಿ ತಿಳಿಯಾಯಿತು. ಕೆಳಗಿನಿಂದ ನಿರ್ಮಲಾ ಕೂಗಿ ಎಲ್ಲರಿಗೂ ಹೇಳಿದಳು, ಇವತ್ತು ಮೋಡ ಇಲ್ಲ, ಚಳಿ ಕಚ್ಚುತ್ತದೆ, ನಳದ ಕಡೆ ಲಕ್ಷ್ಯ ಇರಲಿ ಅಂತ. ನನಗೆ ಹಿಂದಿ ಚೆನ್ನಾಗಿ ತಿಳಿಯುತ್ತದೆ. (ಮಾತಾಡುವಾಗಷ್ಟೇ ಗಂಡು ಹೆಣ್ಣು ಅದಲು ಬದಲಾಗುತ್ತದೆ.) ಕೇಳಿಸಿಕೊಂಡೆ. ಸುಮನ್ ಹೋಟೆಲಿನಿಂದ ಬಂದಳು, ಕೈಕಾಲು ತೊಳೆದಳು, ನಳವನ್ನು ಎಂದಿಗಿಂತ ಜೋರಾಗಿ ಬಿಟ್ಟು ಕೋಣೆಗೆ ಹೋದಳು. ಆ ಸದ್ದು ನನಗೆ ತಡೆಯಲಾಗಲಿಲ್ಲ. ಎದ್ದು ಹೋಗಿ ಪೂರ್ತಿ ಬಂದ್ ಮಾಡಿದೆ. ಗಟ್ಟಿಯಾಗಿ, ಒಂದು ಹನಿಯೂ ಬೀಳದ ಹಾಗೆ. ಆಮೇಲೆ ಸುಖವಾಗಿ ನಿದ್ದೆ ಬಂತು.

ಬೆಳಿಗ್ಗೆ ಅಡುಗೆಮನೆಯ ನಳ ತಿರುವಿದರೆ ಅದು ಒಂದು ಉಸಿರು ಬಿಟ್ಟು ಸುಮ್ಮನಾಯಿತು.

ನಿರ್ಮಲಾಳ ಗಂಡ ಬಿಸಿನೀರಿನಲ್ಲಿ ಅದ್ದಿದ ಬಟ್ಟೆ ತಂದು ಪೈಪಿಗೆ ಸುತ್ತಿದ. ಪ್ರಯೋಜನವಾಗಲಿಲ್ಲ. ಬಿಸಿಲು ಏರಿ ಗೋಡೆಯ ಮೇಲೆ ಬಿದ್ದಾಗ ತಿಳಿಯಿತು, ಪೈಪು ಉದ್ದಕ್ಕೂ ಸೀಳಿತ್ತು. ಒಳಗಿನ ಬರ್ಫ ಹಿಗ್ಗಿ ಪೈಪನ್ನು ಒಡೆದಿತ್ತು. ಅದು ಕರಗುತ್ತಿದ್ದಂತೆ ನೀರು ಚಿಮ್ಮಿ ಕೆಳಗಿನ ಕೊಟ್ಟಿಗೆಯ ಮೇಲೆ ಸುರಿಯಿತು. ಅಲ್ಲಿ ಇಡೀ ಚಳಿಗಾಲಕ್ಕೆಂದು ಒಣಗಿಸಿ ಒಟ್ಟಿದ್ದ ಹುಲ್ಲಿತ್ತು. ಆಕಳಿಗೆ ಮೂರು ತಿಂಗಳು ಬೇರೆ ಮೇವಿಲ್ಲ, ಹೊರಗೆಲ್ಲ ಹಿಮ. ಅವನು ಓಡಿಹೋಗಿ ಟಾಕಿಯ ವಾಲ್ವ್ ಮುಚ್ಚುವ ಹೊತ್ತಿಗೆ ಹುಲ್ಲಿನ ಅರ್ಧ ಬಣವೆ ನೆನೆದು ಮುದ್ದೆಯಾಗಿತ್ತು.

ನಿರ್ಮಲಾ ಮೇಲೆ ಹತ್ತಿ ಬಂದಳು. ಸುಮನ್ ಕೆಲಸಕ್ಕೆ ಹೊರಟು ನಿಂತಿದ್ದಳು. ರೋಹಿಣಿ ಬಾಗಿಲಲ್ಲಿ, ನಾನು ಅವಳ ಹಿಂದೆ, ಕೂಸು ನನ್ನ ತೋಳಿನಲ್ಲಿ.

ನಿರ್ಮಲಾ ನೇರವಾಗಿ ಸುಮನ್ ಎದುರು ಹೋಗಿ ನಿಂತಳು. ರಾತ್ರಿ ಕೊನೆಗೆ ಬಾತ್‌ರೂಮಿಗೆ ಹೋದವಳು ನೀನೇ, ನಳ ಮುಚ್ಚಿದವಳೂ ನೀನೇ ಅಂದಳು. ನಾನು ಬಿಟ್ಟೇ ಬಂದಿದ್ದೆ, ಜೋರಾಗಿಯೇ ಬಿಟ್ಟಿದ್ದೆ ಅಂತ ಸುಮನ್ ಹೇಳಿದಳು. ಮತ್ತೆ ಹೇಳಿದಳು. ಹಾಗಾದರೆ ಯಾರು ಮುಚ್ಚಿದರು, ದೆವ್ವವೇ ಅಂತ ನಿರ್ಮಲಾ ಕೇಳಿದಳು. ಆಮೇಲೆ ನಮ್ಮ ಕಡೆ ಕೈ ತೋರಿಸಿ ಅಂದಳು, ಇವರು ಓದಿದ ಜನ, ಅಮ್ಮಾಜಿ ಟೀಚರು, ಇವರಂತೂ ಇಂಥ ಕೆಲಸ ಮಾಡುವುದಿಲ್ಲ.

ಅಮ್ಮಾಜಿ ಕೂಸಿನ ಟೋಪಿ ಸರಿ ಮಾಡಿದಳು.

ರೋಹಿಣಿ ನನ್ನ ಕಡೆ ತಿರುಗಿದಳು. ಅಲ್ಲಿದ್ದ ಬೇರೆ ಯಾರಿಗೂ ತಿಳಿಯದ ನಮ್ಮ ಭಾಷೆಯಲ್ಲಿ ಮೆಲ್ಲಗೆ ಕೇಳಿದಳು: "ದೊಡ್ಡವ್ವಾ, ರಾತ್ರಿ ನೀ ಏನರ ನಳಾ ಬಂದ್ ಮಾಡಿದ್ದೇನ?"

"ಇಲ್ಲವಾ," ಅಂದೆ. "ನಾ ಆ ಕಡಿ ಹೋಗೇ ಇಲ್ಲ."

ಎಷ್ಟು ಸಲೀಸಾಗಿ ಬಂತು ಆ ಮಾತು! ಮೂವತ್ತು ವರ್ಷ ಮಕ್ಕಳ ಎದುರು ನಿಂತು, ಯಾರು ಮಾಡಿದಿರಿ ಎದ್ದು ನಿಲ್ಲಿ, ಖರೇ ಹೇಳಿದವರಿಗೆ ಶಿಕ್ಷೆ ಇಲ್ಲ ಅನ್ನುತ್ತಿದ್ದವಳು ನಾನೇ. ಎದ್ದು ನಿಲ್ಲುವುದು ಎಷ್ಟು ಕಷ್ಟ ಅಂತ ಗೊತ್ತಿರಲಿಲ್ಲ, ಯಾಕೆಂದರೆ ನಾನು ಯಾವತ್ತೂ ಟೀಚರ ಖುರ್ಚಿಯ ಕಡೆ ಇದ್ದವಳು.

ರೋಹಿಣಿ ನನ್ನನ್ನು ನಂಬಿದಳು. ಯಾಕೆ ನಂಬಬಾರದು? ತಿರುಗಿ ನಿರ್ಮಲಾಗೆ ಹಿಂದಿಯಲ್ಲಿ ಹೇಳಿದಳು, ನಮ್ಮ ಮನೆಯವರು ಯಾರೂ ಮುಟ್ಟಿಲ್ಲ. ಅಲ್ಲಿಗೆ ತೀರ್ಮಾನವಾಯಿತು. ತಿಂಗಳು ಮುಗಿಯುವುದರೊಳಗೆ ಬೇರೆ ಕೋಣೆ ನೋಡಿಕೋ ಅಂತ ಸುಮನ್‌ಗೆ ಹೇಳಿ ನಿರ್ಮಲಾ ಕೆಳಗಿಳಿದಳು. ಆ ಚಳಿಯಲ್ಲಿ, ಆ ಊರಲ್ಲಿ, ಒಂಟಿ ಹೆಂಗಸಿಗೆ ಕೋಣೆ ಯಾರು ಕೊಡುತ್ತಾರೆ? ಸುಮನ್ ಚೀಲ ಹೆಗಲಿಗೇರಿಸಿದಳು. ಮುಖ ತೊಳೆಯಲೂ ನೀರಿರಲಿಲ್ಲ, ಹಾಗೇ ಕೆಲಸಕ್ಕೆ ಹೋದಳು.

ಆ ದಿನ ನಾನು ನನ್ನ ಜೊತೆ ಎಷ್ಟು ವಾದ ಮಾಡಿದೆ ಅಂತೀರಿ! ಪೈಪು ಹಳೆಯದಿರಬೇಕು. ಅದಕ್ಕೆ ಮೊದಲೇ ಗೋಣಿ ಸುತ್ತಿಸಬೇಕಿತ್ತು, ಅದು ಮಾಲಕರ ತಪ್ಪು. ನಾನು ನಾಲ್ಕು ದಿನಕ್ಕೆ ಬಂದವಳು, ನಾನು ಹೇಳಿದರೆ ರೋಹಿಣಿಗೆ ಅಲ್ಲಿ ಇರುವುದು ಕಷ್ಟವಾಗಬಹುದು. (ಇದು ನನಗೆ ಬಹಳ ಹಿಡಿಸಿದ ಕಾರಣ. ಸುಳ್ಳಿಗೆ ಮಮತೆಯ ಸೆರಗು ಹೊದಿಸಿದರೆ ಎಷ್ಟು ಚೆಂದ ಕಾಣುತ್ತದೆ.) ರೋಹಿಣಿ ಕ್ಯಾನ್ ಹಿಡಿದು ಇಳಿಜಾರಿನ ಕೆಳಗಿನ ಚಿಲುಮೆಗೆ ಹೋಗಿ, ಜಾರುವ ದಾರಿಯಲ್ಲಿ ನೀರು ಹೊತ್ತು ಬರುತ್ತಿದ್ದಳು. ಪ್ರತಿ ಸಲ ಮೇಲೆ ಹತ್ತಿ ಬಂದಾಗಲೂ ಸುಮನ್ ಮೇಲೆ ಗೊಣಗುತ್ತಿದ್ದಳು. ಒಂದು ನಳ ಬಿಡೋದು ನೆನಪಿರೂದಿಲ್ಲಂದ್ರ ಹ್ಯಾಂಗ ಅಂತ. ನಾನು ಕೂಸನ್ನು ಆಡಿಸುತ್ತಿದ್ದೆ.

ಕೂಸಿಗೆ ಮೈ ಒರೆಸಲು ಬಿಸಿನೀರು ಬೇಕಿತ್ತು. ಸಿಟ್ಟಿದ್ದರೂ ರೋಹಿಣಿಯೇ ಸುಮನ್‌ಗೆ ಫೋನ್ ಮಾಡಿ, ಹೋಟೆಲಿನಿಂದ ಒಂದು ಕ್ಯಾನ್ ತರಲು ಆಗುತ್ತದೆಯೇ ಅಂತ ಕೇಳಿದಳು. ಮಧ್ಯಾಹ್ನದ ಬಿಡುವಿನಲ್ಲಿ ಸುಮನ್ ಎರಡು ಕ್ಯಾನ್ ಹೊತ್ತು ಬಂದಳು. ಒಂದನ್ನು ನಮ್ಮ ಬಾಗಿಲಲ್ಲಿ ಇಟ್ಟಳು. ರೋಹಿಣಿ ಚಿಲುಮೆಗೆ ಹೋಗಿದ್ದಳು. ನಾನೊಬ್ಬಳೇ ಇದ್ದೆ. ಅವಳು ನನ್ನ ಮುಖ ನೋಡಲಿಲ್ಲ, ತನ್ನ ಕೋಣೆಯ ಕಡೆ ತಿರುಗಿದಳು.

ಆಗ ಹೇಳಿಬಿಟ್ಟೆ. ಧೈರ್ಯ ಬಂತು ಅಂತೇನಲ್ಲ, ಇನ್ನು ಹಿಡಿದಿಟ್ಟುಕೊಳ್ಳಲು ಆಗಲಿಲ್ಲ. ಮುರುಕು ಹಿಂದಿಯಲ್ಲಿ, ನಳ ನಾನೇ ಮುಚ್ಚಿದ್ದು ಅಂದೆ. ನಮ್ಮೂರಲ್ಲಿ ನೀರಿಲ್ಲ, ಅಭ್ಯಾಸ ಹಾಗೆ, ಅಂತ ಇನ್ನೂ ಏನೇನೋ ಸೇರಿಸಿದೆ.

ಅವಳು ನಿಂತು ಕೇಳಿದಳು. ಈಗ ಅವಳು "ಇರಲಿ ಬಿಡಿ ಅಮ್ಮಾಜಿ" ಅನ್ನುತ್ತಾಳೆ ಅಂತ ನಾನು ಕಾಯುತ್ತಿದ್ದೆ. ಹೌದು, ಕಾಯುತ್ತಿದ್ದೆ. ತಪ್ಪು ಒಪ್ಪಿಕೊಂಡೆನಲ್ಲ, ಇನ್ನು ಕ್ಷಮೆ ಅವಳ ಪಾಳಿ ಅನ್ನುವಂತೆ.

"ನನಗೆ ಯಾಕೆ ಹೇಳುತ್ತೀರಿ?" ಅಂದಳು ಸುಮನ್. "ನಾನು ಮುಚ್ಚಿಲ್ಲ ಅಂತ ನನಗೆ ಗೊತ್ತು. ಕೆಳಗೆ ಹೋಗಿ ಹೇಳಿ."

ಬಾಗಿಲು ಹಾಕಿಕೊಂಡಳು.

ರೋಹಿಣಿ ಬಂದ ಮೇಲೆ ಅವಳಿಗೂ ಹೇಳಿದೆ. ಕ್ಯಾನ್ ಕೆಳಗಿಟ್ಟವಳು ಹಾಗೇ ನಿಂತಳು. ಅವಳ ಬೆರಳುಗಳು ಚಳಿಗೆ ಕೆಂಪಾಗಿದ್ದವು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

"ನಿನ್ನ ಮಾತ ನಂಬಿ ನಾ ಮುಂಜಾನಿಂದ ಆಕಿನ್ನ ಬೈಕೋತ ಅಡ್ಡಾಡಾಕ ಹತ್ತೀನಿ," ಅಂದಳು. ಕೂಸನ್ನು ಎತ್ತಿಕೊಂಡು, "ನಡಿ ಕೆಳಗ. ನೀನ ಹೇಳಬೇಕು. ನಾ ಹಿಂದಿಯೊಳಗ ಹೇಳತೇನಿ."

ಸುಮನ್‌ಳನ್ನೂ ಕರೆದುಕೊಂಡು ಹೋದೆವು. ನಿರ್ಮಲಾ ಒಲೆಯ ಮುಂದೆ ಕೂತಿದ್ದಳು. ನಾನು ಒಂದೊಂದೇ ಮಾತು ಹೇಳುತ್ತಿದ್ದೆ, ರೋಹಿಣಿ ಹಿಂದಿಗೆ ತಿರುಗಿಸುತ್ತಿದ್ದಳು. ರಾತ್ರಿ ನಳ ಮುಚ್ಚಿದವಳು ನಾನು. ತಿರುಗಿಸಿದಳು. ಸುಮನ್ ಬಿಟ್ಟೇ ಬಂದಿದ್ದಳು, ನನ್ನ ಕಿವಿಯಾರೆ ಕೇಳಿದ್ದೆ. ತಿರುಗಿಸಿದಳು. ಬೆಳಿಗ್ಗೆ ಗೊತ್ತಿದ್ದೂ ನಾನು ಸುಳ್ಳು ಹೇಳಿದೆ. ಇಲ್ಲಿ ರೋಹಿಣಿ ತಡವರಿಸಿದಳು. ನಾನು ಎತ್ತಿ ಆಡಿಸಿದ ಹುಡುಗಿ, ನನ್ನ ಸುಳ್ಳನ್ನು ತನ್ನ ಬಾಯಿಂದ ಹೇಳಬೇಕಿತ್ತು. ಕೊನೆಗೆ ಹೇಳಿದಳು.

ನಿರ್ಮಲಾ ಏನು ಮಾಡಿದಳು ಗೊತ್ತೇ? ನಕ್ಕಳು.

ಅಯ್ಯೋ ಅಮ್ಮಾಜಿ, ಇಷ್ಟೇನಾ, ನಿಮಗೆ ಈ ಊರಿನ ಚಳಿ ಏನು ಗೊತ್ತು ಪಾಪ, ಯಾರಿಂದಾದರೂ ಆಗುತ್ತದೆ ಅಂದಳು. ಎದ್ದು ನನ್ನ ಹೆಗಲ ಮೇಲೆ ಕೈಯಿಟ್ಟು ಒಲೆಯ ಹತ್ತಿರ ಕೂರಿಸಿದಳು. ಶುಂಠಿ ಹಾಕಿ ಚಹಾ ಮಾಡಿದಳು. ನನಗೆ, ರೋಹಿಣಿಗೆ. ಸುಮನ್ ಬಾಗಿಲಲ್ಲೇ ನಿಂತಿದ್ದಳು. ಅವಳಿಗೆ ಕೂತುಕೋ ಅಂತ ಯಾರೂ ಹೇಳಲಿಲ್ಲ. ಯಾರೂ ಅಂದರೆ ನಾನೂ.

ಸುಮನ್ ಕೋಣೆ ಬಿಡಬೇಕಾಗಿಲ್ಲ ತಾನೇ ಅಂತ ರೋಹಿಣಿಯಿಂದ ಕೇಳಿಸಿದೆ. ಹಾಂ, ಇರಲಿ ಬಿಡಿ ಅಂದಳು ನಿರ್ಮಲಾ, ಸುಮನ್ ಕಡೆ ನೋಡದೆ. ಬೆಳಿಗ್ಗೆ ಅವಳಿಗೆ ಅಷ್ಟು ಮಾತು ಅಂದಿರಲ್ಲ ಅಂತ ರೋಹಿಣಿಯೇ ತನ್ನ ಕಡೆಯಿಂದ ಸೇರಿಸಿದಳು. ಅದಕ್ಕೆ ನಿರ್ಮಲಾ, ಇವಳು ಮೆಟ್ಟಿಲನ್ನೂ ಸರಿಯಾಗಿ ಗುಡಿಸುವುದಿಲ್ಲ, ನಾನು ಯಾಕೆ ಅವಳ ಮೇಲೆ ಅನುಮಾನ ಪಡಬಾರದು ಅಂದಳು. ನಾನು ತಲೆಯೆತ್ತಿ ನೋಡುವಷ್ಟರಲ್ಲಿ ಬಾಗಿಲಲ್ಲಿ ಸುಮನ್ ಇರಲಿಲ್ಲ.

ನಾನು ಚಹಾ ಕುಡಿದೆ. ಬಿಸಿಯಾಗಿತ್ತು. ಇಲ್ಲಿ ಕೂತು ಬರೆಯುವಾಗ ಕಪ್ಪು ಕೆಳಗಿಟ್ಟು ಎದ್ದು ಬರಬೇಕಿತ್ತು ಅಂತ ಅನ್ನಿಸುತ್ತದೆ. ಅಲ್ಲಿ ಅನ್ನಿಸಲಿಲ್ಲ. ಅಲ್ಲಿ ಅನ್ನಿಸಿದ್ದು, ಸದ್ಯ, ಮುಗಿಯಿತಲ್ಲ ಅಂತ.

ಮುಗಿದಿರಲಿಲ್ಲ.

ಪೈಪು ರಿಪೇರಿಯಾಯಿತು. ಈ ಸಲ ಉದ್ದಕ್ಕೂ ಹಳೆ ಕಂಬಳಿ ಸುತ್ತಿ, ಮೇಲೆ ಪ್ಲಾಸ್ಟಿಕ್ ಕಟ್ಟಿದರು. ನಾನು ನಿರ್ಮಲಾ ಬೇಡವೆಂದರೂ ಕೇಳದೆ ಒದ್ದೆ ಹುಲ್ಲನ್ನು ಬಿಸಿಲಿಗೆ ಹರವಿ, ತಿರುವಿ ಹಾಕಿದೆ. ಒಂದಷ್ಟು ಉಳಿಯಿತು, ಒಂದಷ್ಟು ಮುಗ್ಗಿತು, ಮುಗ್ಗಿದ್ದನ್ನು ಆಕಳು ಮೂಸಿ ಬಿಟ್ಟಿತು.

ನಳಕ್ಕೆ ನೀರು ಬಂದ ಸಂಜೆ ನಮ್ಮ ಬಾಗಿಲು ಬಡಿದ ಸದ್ದಾಯಿತು. ಸುಮನ್. ಬಾತ್‌ರೂಮಿಗೆ ಬನ್ನಿ ಅಂದಳು. ಹೋದೆ. ನಳದಿಂದ ದಾರದಷ್ಟು ನೀರು ಬೀಳುತ್ತಿತ್ತು. "ಚಾಲೂ ಹೈ. ದೇಖ್ ಲೋ," ಅಂದಳು. ಬಿಟ್ಟಿದ್ದೇನೆ, ನೋಡಿಕೊಳ್ಳಿ. ನೋಡಿದೆ. ಹೂಂ ಅಂದೆ. ಅವಳು ಕೋಣೆಗೆ ಹೋದಳು.

ಮರುದಿನವೂ ಬಂದಳು. ಅದರ ಮರುದಿನವೂ. ನಾನು ಅಲ್ಲಿದ್ದಷ್ಟು ದಿನ, ಕೆಲಸದಿಂದ ಎಷ್ಟೇ ಸುಸ್ತಾಗಿ ಬಂದಿರಲಿ, ಕೈಕಾಲು ತೊಳೆದು ನನ್ನ ಬಾಗಿಲು ಬಡಿದು, ಕರೆದು, ತೋರಿಸಿಯೇ ಮಲಗುತ್ತಿದ್ದಳು. ಬೇಡ ಸುಮನ್, ನಂಬಿಕೆ ಇದೆ ಅಂತ ಒಮ್ಮೆ ಹೇಳಿದೆ. ಅವಳು ನಾನು ಏಳುವವರೆಗೆ ಬಾಗಿಲಲ್ಲೇ ನಿಂತಿದ್ದಳು. ಅದರಲ್ಲಿ ಸಿಟ್ಟು ಕಾಣಲಿಲ್ಲ, ಚುಚ್ಚುವ ಉದ್ದೇಶವೂ ಕಾಣಲಿಲ್ಲ. ಅವಳ ಮಾತಿಗೆ ಆ ಮನೆಯಲ್ಲಿ ಬೆಲೆಯಿಲ್ಲ ಅಂತ ಅವಳಿಗೆ ತಿಳಿದಿತ್ತು, ಅದಕ್ಕೆ ಬೆಲೆಯಿರುವ ಒಬ್ಬರ ಕಣ್ಣು ಬೇಕಿತ್ತು. ಆ ಕಣ್ಣು ಸುಳ್ಳು ಹೇಳಿದವಳದೇ ಆದರೂ ಸರಿ.

ಮೊನ್ನೆ ರೋಹಿಣಿ ಫೋನ್ ಮಾಡಿದ್ದಳು. ಸುಮನ್ ಕೋಣೆ ಬಿಟ್ಟಳಂತೆ. ಯಾರೂ ಬಿಡು ಅಂದಿರಲಿಲ್ಲ. ಯಾಕಂತ ಕೇಳಿದೆ.

"ಏನೂ ಹೇಳಲಿಲ್ಲ ದೊಡ್ಡವ್ವಾ. ಕೋಣಿ ತೊಳದು, ನಳಾ ಸಣ್ಣಗ ಬಿಟ್ಟು, ನನ್ನ ಕರದು ತೋರಿಸಿ ಹ್ವಾದಳು."

ನಿಮ್ಮ ಮಕ್ಕಳು, ಅಳಿಯಂದಿರು ಅಂಥ ಊರುಗಳಲ್ಲಿದ್ದರೆ (ನಮ್ಮ ಸೀಮೆಯಿಂದ ಮಿಲಿಟರಿಗೆ ಹೋದವರು ಓಣಿಗಿಬ್ಬರಿದ್ದಾರೆ) ಹೋಗುವ ಮುಂಚೆ ಇಷ್ಟು ತಿಳಿದುಕೊಂಡು ಹೋಗಿ. ಹೊರಗೋಡೆಯ ಪೈಪಿಗೆ ಗೋಣಿಯೋ ಕಂಬಳಿಯೋ ಸುತ್ತಿರಬೇಕು. ಸಾಲಿನ ಕೊನೆಯ ನಳ ರಾತ್ರಿ ಸಣ್ಣಗೆ ಹರಿಯುತ್ತಿರಬೇಕು. ಮನೆ ಬಿಟ್ಟು ಹೋಗುವುದಿದ್ದರೆ ವಾಲ್ವ್ ಮುಚ್ಚಿ ಪೈಪಿನ ನೀರೆಲ್ಲ ಖಾಲಿ ಮಾಡಬೇಕು. ಪೈಪು ಕಟ್ಟಿಕೊಂಡರೆ ಬೆಂಕಿ ಹಿಡಿಯಬೇಡಿ, ನಳ ತೆರೆದಿಟ್ಟು ಆ ಕಡೆಯಿಂದಲೇ ಬಿಸಿ ಬಟ್ಟೆ ಸುತ್ತುತ್ತ ಬನ್ನಿ. ನಳದ ಮಾತನ್ನಂತೂ ನನಗೆ ಮೊದಲ ದಿನವೇ ಹೇಳಿದ್ದರು. ಹೇಳಿದ್ದನ್ನು ಕೇಳುವ ಅಭ್ಯಾಸ ಮಾತ್ರ ನನಗಿರಲಿಲ್ಲ. ಹೇಳುವ ಅಭ್ಯಾಸವಿತ್ತು.

ನೀರು ಪೋಲಾಗಬಾರದು ಅಂತ ಇನ್ನು ಮುಂದೆಯೂ ಬರೆಯುತ್ತೇನೆ. ಅದು ಸುಳ್ಳಾಗಿಲ್ಲ. ಆದರೆ ನನ್ನನ್ನು ಕೊರೆಯುತ್ತಿರುವುದು ನಳವಲ್ಲ, ಪೈಪೂ ಅಲ್ಲ. ಅದೇ ನಳವನ್ನು ಅದೇ ರಾತ್ರಿ ಸುಮನ್ ಮುಚ್ಚಿದ್ದರೆ ಅವಳು ಬೀದಿಗೆ ಬೀಳಬೇಕಿತ್ತು. ನಾನು ಮುಚ್ಚಿದ್ದಕ್ಕೆ, ಮೇಲೆ ಸುಳ್ಳನ್ನೂ ಹೇಳಿದ್ದಕ್ಕೆ, ಶುಂಠಿ ಚಹಾ ಸಿಕ್ಕಿತು. ನಿರ್ಮಲಾಳನ್ನು ದೂರಲು ನನಗೆ ಬಾಯಿಲ್ಲ. ನಮ್ಮ ಓಣಿಯಲ್ಲಿ ಬಾಗಿಲ ಮುಂದಿನ ಚಪ್ಪಲಿ ಕಾಣದಿದ್ದರೆ, ಟಾಕಿ ತುಂಬಿ ಹರಿದರೆ, ಮದುವೆ ಮನೆಯಲ್ಲಿ ಒಂದು ಬೆಳ್ಳಿ ಲೋಟ ಕಡಿಮೆ ಬಿದ್ದರೆ ನಾವು ಮಾಡುವುದು ಬೇರೆಯೇನು?

ನಿಮ್ಮ ಮನೆಯಲ್ಲಿ ಏನಾದರೂ ಕೆಟ್ಟಾಗ ನಿಮ್ಮ ಕಣ್ಣು ಮೊದಲು ಯಾರ ಮುಖದ ಕಡೆ ಹೋಗುತ್ತದೆ?